ಅರ್ಧ ನೆರಳಿನ ಜಾಗದಲ್ಲಿ ಟೊಮೆಟೊ ಯಾಕೆ ಕಾಯಿ ಬಿಡಲ್ಲ?

ಪ್ರಶ್ನೆ: ಮನೆ ಹಿಂದೆ ಸುಮಾರು 10 ಅಡಿ ಉದ್ದ, 8 ಅಡಿ ಅಗಲ ಜಾಗ ಇದೆ. ಒಂದು ಕಡೆ ಎತ್ತರದ ಕಾಂಪೌಂಡ್, ಇನ್ನೊಂದು ಕಡೆ ಮರ, ಹಂಗಾಗಿ ಅರ್ಧ ದಿನ ನೆರಳೇ. ಟೊಮೆಟೊ, ಬದನೆ ಹಾಕಿದೀನಿ, ಗಿಡ ಉದ್ದುದ್ದ ಬೆಳೀತಿದೆ, ಎಲೆ ಹಸಿರಾಗೇ ಇದೆ, ಆದ್ರೆ ಹೂವು ಕಮ್ಮಿ, ಬಂದಿದ್ದೂ ಉದುರಿ ಹೋಗ್ತಿದೆ. ಯಾವ ಗೊಬ್ಬರ ಹಾಕ್ಲಿ?

ಉತ್ತರ: ಸದ್ಯಕ್ಕೆ ಯಾವ್ದೂ ಬೇಡ. ಎಲೆ ಅಷ್ಟು ಹಸಿರಾಗಿದೆ ಅಂದ್ರೆ ಗಿಡಕ್ಕೆ ಊಟ ಸಿಗ್ತಿದೆ, ಸಿಗದೇ ಇರೋದು ಬಿಸಿಲು. ಈಗ ಯೂರಿಯಾನೋ ಬೇರೆ ನೈಟ್ರೋಜನ್ ಗೊಬ್ಬರಾನೋ ಸುರಿದ್ರೆ ಇನ್ನೊಂದಿಷ್ಟು ಎಲೆ ಬರುತ್ತೆ, ಕಾಂಡ ಇನ್ನೂ ಮೆತ್ತಗಾಗುತ್ತೆ, ರಸ ಹೀರೋ ಗಿಡಹೇನು ಬಂದು ಕೂರುತ್ತೆ, ಅಷ್ಟೇ.

ಮೊದ್ಲು ಒಂದು ರಜಾ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಗಂಟೆಗೊಂದ್ಸಲ ಹೋಗಿ ಎಲ್ಲೆಲ್ಲಿ ನೇರ ಬಿಸಿಲು ಬೀಳ್ತಿದೆ ಅಂತ ಒಂದು ಹಾಳೆ ಮೇಲೆ ಗುರುತು ಹಾಕಿ. ಇದನ್ನ ಯಾರೂ ಮಾಡಲ್ಲ, ಸೀದಾ ಬೀಜ ತಂದು ಬಿತ್ತಿಬಿಡ್ತಾರೆ. ಅಷ್ಟು ಚಿಕ್ಕ ಜಾಗದಲ್ಲೂ ಒಂದು ಮೂಲೆಗೆ 6 ಗಂಟೆ ಬಿಸಿಲು, ಇನ್ನೊಂದು ಮೂಲೆಗೆ 2 ಗಂಟೆ ಇರಬಹುದು, ಮೇಲಾಗಿ ಸೂರ್ಯ ಸಾಗೋ ದಾರಿ ಕಾಲಕ್ಕೆ ತಕ್ಕಂಗೆ ಬದಲಾಗುತ್ತಲ್ಲ, ಹಾಗಾಗಿ ಮೂರ್ನಾಲ್ಕು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡಬೇಕು.

ಹೂ ಬಿಟ್ಟು ಕಾಯಾಗೋ ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಇವಕ್ಕೆಲ್ಲ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಆದ್ರೆ ಇನ್ನೂ ಒಳ್ಳೇದು. ಮೂಲಂಗಿ, ಬೀಟ್‌ರೂಟ್ 4-5 ಗಂಟೇಲಿ ಬರುತ್ತೆ, ಗಡ್ಡೆ ಸ್ವಲ್ಪ ಸಣ್ಣ, ನಿಧಾನ. 3-4 ಗಂಟೆ ಸಿಗೋ ಕಡೆ ಪಾಲಕ್, ಕೊತ್ತಂಬರಿ, ಮೆಂತ್ಯ, ಲೆಟ್ಯೂಸ್, ಪುದೀನ ಹಾಕಿ. ಬೇಸಿಗೇಲಂತೂ ನೆರಳು ಇವಕ್ಕೆ ಉಪಕಾರಾನೇ, ಸುಡು ಬಿಸಿಲಲ್ಲಿ ಕೊತ್ತಂಬರಿ, ಪಾಲಕ್ ಬೇಗ ಹೂವಿಗೆ ಬಂದುಬಿಡುತ್ತೆ, ಮಧ್ಯಾಹ್ನ ನೆರಳಿದ್ರೆ ಇನ್ನಷ್ಟು ದಿನ ಸೊಪ್ಪು ಕೊಯ್ಯಬಹುದು. ದಂಟು ಸೊಪ್ಪು ಮಾತ್ರ ಹಂಗಲ್ಲ, ಅದಕ್ಕೆ ಬಿಸಿಲು ಚೆನ್ನಾಗಿ ಬೇಕು.

ನೆರಳಲ್ಲಿ ಮಣ್ಣು ಬೇಗ ಒಣಗಲ್ಲ. ದಿನಾ ನೀರು ಹಾಕೋ ಅಭ್ಯಾಸ ಬಿಡಿ, ಬೆರಳು ಒಂದಿಂಚು ಇಳಿಸಿ ನೋಡಿ, ಒಣಗಿದ್ರೆ ಮಾತ್ರ ಹಾಕಿ, ಅದೂ ಬೆಳಿಗ್ಗೆ, ಬುಡಕ್ಕೆ. ಸಂಜೆ ಎಲೆ ಮೇಲೆ ನೀರು ಹೊಡೆದ್ರೆ ರಾತ್ರಿಯಿಡೀ ಒದ್ದೆ ಇದ್ದು ಫಂಗಸ್ ಬರುತ್ತೆ. ಗಿಡಗಳ ಮಧ್ಯೆ ಗಾಳಿ ಆಡೋಕೆ ಜಾಗ ಬಿಡಿ.

ಮರದ ಬುಡದ ಹತ್ರ ಮಾತ್ರ ಕಥೆ ಬೇರೆ, ಅಲ್ಲಿ ನೀರು ಗೊಬ್ಬರ ಎಲ್ಲಾ ಮರದ ಬೇರೇ ಕುಡಿದುಬಿಡುತ್ತೆ, ಅಲ್ಲಿ ನೆಲ ಅಗೆಯೋ ಬದಲು ಕುಂಡ ಇಡಿ. ಕೆಳಗಿನ ಒಂದೆರಡು ಕೊಂಬೆ ಕಡಿಸಿ, ಕಾಂಪೌಂಡ್ ಒಳಗಡೆಗೆ ಬಿಳಿ ಬಣ್ಣ ಬಳಿಸಿದ್ರೂ ಬೆಳಕು ಸ್ವಲ್ಪ ಜಾಸ್ತಿ ಆಗುತ್ತೆ, ಪವಾಡ ಏನಾಗಲ್ಲ.

ಈಗಿರೋ ಟೊಮೆಟೊ ಕುಂಡದಲ್ಲಿದ್ರೆ ಬಿಸಿಲಿರೋ ಮೂಲೆಗೆ ಎಳೀರಿ. ನೆಲದಲ್ಲಿದ್ರೆ ಈ ಸಲ ಬಂದಷ್ಟು ಬರಲಿ, ಮುಂದಿನ ಸಲ ಚೆರ್ರಿ ಟೊಮೆಟೊ ಹಾಕಿ ನೋಡಿ, ಬಿಸಿಲು ಸ್ವಲ್ಪ ಕಮ್ಮಿ ಇದ್ರೂ ದೊಡ್ಡ ಹಣ್ಣಿನ ತಳಿಗಿಂತ ವಾಸಿ.