ಮೂರನೇ ಗೆರೆ: ಧಾರವಾಡದ ಒಂದು ಸಣ್ಣ ಡಿಸೈನ್ ಸ್ಟುಡಿಯೊದ ಕೆಲಸ

ಡಿಸೈನ್ ಓದಿ, ಬೆಂಗಳೂರಿನ ಏಜೆನ್ಸಿಯಲ್ಲಿ ಮೂರು ವರ್ಷ ದುಡಿದು, ಈಗ ಊರಿಗೆ ವಾಪಸ್ ಬಂದು ಪುಟ್ಟ ಸ್ಟುಡಿಯೊ ತೆರೆಯಬೇಕು ಅಂತಿದ್ದೀರಿ. ಅಂಥ ಕಡೆ ದಿನಾ ಏನು ಕೆಲಸ ಇರುತ್ತೆ, ಯಾವ ತತ್ವ ಇಟ್ಟುಕೊಂಡು ನಡೆಸಬೇಕು ಅನ್ನೋದು ನಿಮ್ಮ ಪ್ರಶ್ನೆ. ನಾನು 2014ರಿಂದ ಧಾರವಾಡದಲ್ಲಿ ಇದನ್ನೇ ಮಾಡ್ತಿದ್ದೇನೆ. ನಾವು ಮೂವರು. ಬಾಡಿಗೆಯ ಎರಡು ಕೋಣೆ, ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಕಂಡಿದ್ದನ್ನ ಕಂಡಹಾಗೆ ಹೇಳ್ತೇನೆ.

ಕೆಲಸ ಅಂದರೆ ಪುಸ್ತಕದ ಮುಖಪುಟ, ಒಳಪುಟ, ಅಂಗಡಿ ಬೋರ್ಡು, ತಿಂಡಿ ಪೊಟ್ಟಣದ ಲೇಬಲ್, ಸಂಘ-ಸಂಸ್ಥೆಗಳ ಆಹ್ವಾನಪತ್ರಿಕೆ, ವರ್ಷಕ್ಕೆ ಒಂದೋ ಎರಡೋ ಲೋಗೊ. ಮದುವೆ ಸೀಸನ್ನಿನಲ್ಲಿ ಕರೆಯೋಲೆ. ಬೆಂಗಳೂರಲ್ಲಿ ನೀವು ಮಾಡಿದ ಆ್ಯಪ್ ಸ್ಕ್ರೀನುಗಳ ಥರದ ಕೆಲಸ ಇಲ್ಲಿ ತೀರಾ ಕಡಿಮೆ. ಇದು ಹೆಚ್ಚಾಗಿ ಕಾಗದ, ಶಾಯಿ, ತಗಡು, ಅಕ್ರಿಲಿಕ್ಕಿನ ಲೋಕ. ಬರುವ ಹತ್ತು ಕೆಲಸದಲ್ಲಿ ಒಂಬತ್ತು ಕನ್ನಡದಲ್ಲೇ ಇರುತ್ತೆ. ನಮ್ಮ ತತ್ವ ಹುಟ್ಟಿದ್ದೂ ಅಲ್ಲಿಂದಲೇ.

ಶುರು ಮಾಡಿದ ಮೊದಲ ವರ್ಷ, ಸುಭಾಷ ರಸ್ತೆಯಲ್ಲಿ ಹಿರಿಯ ಪೇಂಟರ್ ಒಬ್ಬರು ಬಟ್ಟೆ ಅಂಗಡಿಯ ಬೋರ್ಡು ಬರೀತಿದ್ದರು. ಸುಣ್ಣ ಹಚ್ಚಿದ ದಾರ ಎಳೆದು ಎರಡು ಗೆರೆ ಹೊಡೆದರು. ಅಕ್ಷರದ ತಲೆಗೊಂದು, ಪಾದಕ್ಕೊಂದು. ಆಮೇಲೆ ಸ್ವಲ್ಪ ಕೆಳಗೆ ಮೂರನೇ ಗೆರೆ. ಅದ್ಯಾಕೆ ಅಂತ ಕೇಳಿದೆ. "ಒತ್ತಿಗೆ ರೀ. ಮೊದಲ ಜಾಗಾ ಬಿಡದಿದ್ರ ಆಮ್ಯಾಲೆ ಎಲ್ಲಿಂದ ತರೂದು?" ಅಂದರು. ಬರೆಯಬೇಕಿದ್ದ ಪದ 'ವಸ್ತ್ರಾಲಯ'. ಆ 'ಸ್ತ್ರಾ' ನೋಡಿ, ಒಂದು ಸಕಾರಕ್ಕೆ ಎರಡು ಒತ್ತು, ಮೇಲೆ ದೀರ್ಘ ಬೇರೆ. ಡಿಸೈನ್ ಶಾಲೆಯಲ್ಲಿ ನನಗೆ ಕಲಿಸಿದ್ದು ಇಂಗ್ಲಿಷ್ ಅಕ್ಷರದ ಗೆರೆಗಳನ್ನ. ಮೂರನೇ ಗೆರೆ ಕಲಿತದ್ದು ರಸ್ತೆ ಬದಿ ಏಣಿಯ ಕೆಳಗೆ ನಿಂತು.

ಅವತ್ತಿನಿಂದ ನಮ್ಮ ನಿಯಮ ಇದು: ಯಾವ ಕೆಲಸವಾದರೂ ಕನ್ನಡದಿಂದ ಶುರು. ಗ್ರಾಹಕರು ಇಂಗ್ಲಿಷ್ ಹೆಸರು ಹಿಡಿದು ಬಂದರೂ ಮೊದಲು ಕನ್ನಡದಲ್ಲಿ ಬರೆದು ನೋಡ್ತೇವೆ. ಹೆಚ್ಚಿನ ಕಡೆ ಉಲ್ಟಾ ನಡೆಯುತ್ತೆ. ಇಂಗ್ಲಿಷಲ್ಲಿ ಪೂರ್ತಿ ವಿನ್ಯಾಸ ಮಾಡಿ, ಒಪ್ಪಿಗೆ ಪಡೆದು, ಕೊನೇ ದಿನ ಅದೇ ಜಾಗಕ್ಕೆ ಕನ್ನಡ ತುರುಕುತ್ತಾರೆ. ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತೆ. ಸಾಲದು ಅಂತ ಅಕ್ಷರವನ್ನೇ ಕುಗ್ಗಿಸ್ತಾರೆ. ಓದುವವರಿಗೆ ಕನ್ನಡವೇ ಕಷ್ಟದ ಲಿಪಿ ಅನಿಸಿಬಿಡುತ್ತೆ, ಅದು ನನಗೆ ತುಂಬ ನೋವಿನ ಸಂಗತಿ. ತಪ್ಪು ಲಿಪಿಯದಲ್ಲ, ಜಾಗ ಬಿಡದವರದು. ನಾವು ಒಳಪುಟದಲ್ಲಿ 11 ಪಾಯಿಂಟ್ (ಅಕ್ಷರದ ಗಾತ್ರ ಅಳೆಯೋ ಮಾನ) ಅಕ್ಷರಕ್ಕೆ 16 ಅಥವಾ 17 ಪಾಯಿಂಟಿನ ಸಾಲು ಕೊಡ್ತೇವೆ. ಅಕ್ಷರಗಳ ನಡುವೆ ಅಂತರ ಎಳೆಯೋದಿಲ್ಲ, ಎಳೆದರೆ ಒತ್ತು ತನ್ನ ಅಕ್ಷರದಿಂದ ದೂರ ಸರಿದು ಅನಾಥವಾಗಿ ಕಾಣುತ್ತೆ. ಕನ್ನಡಕ್ಕೆ ದೊಡ್ಡಕ್ಷರ-ಸಣ್ಣಕ್ಷರದ ಭೇದ ಇಲ್ಲ, ಒತ್ತಿ ಹೇಳಬೇಕಾದರೆ ದಪ್ಪ, ಗಾತ್ರ, ಬಣ್ಣ ಇವೇ ಗತಿ. ಅಕ್ಷರವನ್ನ ಕಂಪ್ಯೂಟರಿನಲ್ಲಿ ಸುಮ್ಮನೆ ವಾರೆ ಮಾಡೋದನ್ನಂತೂ ಮಾಡೋದೇ ಇಲ್ಲ.

ಒಂದು ಲೇಬಲ್ಲಿನ ಕತೆ ಹೇಳ್ತೇನೆ, ಅದರಲ್ಲಿ ನಿಮ್ಮ ಪ್ರಶ್ನೆಗೆ ಹೆಚ್ಚಿನ ಉತ್ತರ ಇದೆ. ಹತ್ತಿರದ ಹಳ್ಳಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಶೇಂಗಾ ಚಟ್ನಿ ಪುಡಿಗೆ ಲೇಬಲ್ ಬೇಕು ಅಂತ ಬಂದರು. ಮೊದಲ ನಮೂನೆಯಲ್ಲಿ ನಾವು ಕಡುಗೆಂಪು ಹಿನ್ನೆಲೆ, ಬಿಳಿ ಅಕ್ಷರ, ಒರಳು ಕಲ್ಲಿನ ಚಿತ್ರ ಎಲ್ಲ ಹಾಕಿದ್ದೆವು. ಪರದೆ ಮೇಲೆ ಚೆಂದ ಇತ್ತು. ಅವರಲ್ಲಿ ಹಿರಿಯರೊಬ್ಬರು ತುಂಬ ಹೊತ್ತು ನೋಡಿ, "ಅಕ್ಕಾರ, ಇದು ನಮ್ಮ ಚಟ್ನಿ ಅನಸವಲ್ದು" ಅಂದರು. ಯಾಕೆ ಅಂತ ಅವರಿಗೂ ಹೇಳಲು ಬರಲಿಲ್ಲ. ಅಸಲಿ ಗಾತ್ರದಲ್ಲಿ ಮುದ್ರಿಸಿ, ಕತ್ತರಿಸಿ, 200 ಗ್ರಾಂ ಪೊಟ್ಟಣಕ್ಕೆ ಅಂಟಿಸಿ ಅವರ ಕೈಗೇ ಕೊಟ್ಟೆ. ಆಗ ಗೊತ್ತಾಯ್ತು. ಹಿಂಬದಿಯ ಸಾಮಗ್ರಿ ಪಟ್ಟಿಯಲ್ಲಿ 'ಬೆಳ್ಳುಳ್ಳಿ', 'ಉಪ್ಪು' ಪದಗಳ ಒತ್ತೆಲ್ಲ ಕೆಂಪು ಶಾಯಿ ತುಂಬಿ ಚುಕ್ಕೆಯಾಗಿದ್ದವು. ತಮ್ಮ ಚಟ್ನಿಯಲ್ಲಿ ಏನಿದೆ ಅನ್ನೋದನ್ನ ಅವರೇ ಓದೋಕೆ ಆಗ್ತಿರಲಿಲ್ಲ.

ಇಲ್ಲಿ ಒಂದು ಕಾನೂನಿನ ಮಾತು. ಆಹಾರದ ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು ಅನ್ನುತ್ತೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಬೇರೆ ಭಾಷೆಯನ್ನ ಜೊತೆಗೆ ಸೇರಿಸಬಹುದು, ಅಡ್ಡಿಯಿಲ್ಲ. ಅಂದರೆ ಆ ನಿಯಮವೊಂದನ್ನೇ ನೋಡಿದರೆ ಪೊಟ್ಟಣದ ಹಿಂಬದಿಯಲ್ಲಿ ಕನ್ನಡ ಕಡ್ಡಾಯ ಅಲ್ಲ. ಪರವಾನಗಿ ಸಂಖ್ಯೆ, ತಯಾರಿಕೆ ದಿನಾಂಕ, ಬೆಲೆ, ನಿವ್ವಳ ತೂಕ, ಸಸ್ಯಾಹಾರದ ಹಸಿರು ಚುಕ್ಕೆ ಎಲ್ಲ ಕೂರಿಸಿದ ಮೇಲೆ ಅಂಗೈಯಗಲದ ಜಾಗದಲ್ಲಿ ಉಳಿಯೋದು ಎಷ್ಟು? ಮೊದಲು ಬಲಿಯಾಗೋದು ಕನ್ನಡವೇ. ನಾವು ಒರಳು ಕಲ್ಲಿನ ಚಿತ್ರ ತೆಗೆದೆವು. ಹಿಂಬದಿ ಪೂರ್ತಿ ಬಿಳಿ ಮಾಡಿ, ಕಪ್ಪಕ್ಷರದಲ್ಲಿ, ಕನ್ನಡವನ್ನ ಇಂಗ್ಲಿಷಿಗಿಂತ ಒಂದು ಪಾಯಿಂಟ್ ದೊಡ್ಡದಾಗಿ ಕೂರಿಸಿದೆವು. ಹಿರಿಯರು ಬೆರಳಿಟ್ಟು ಒಂದೊಂದೇ ಪದ ಓದಿದರು. "ಜೀರಿಗಿ ಬಿಟ್ಟೀರಲ್ಲ" ಅಂದರು. ಹೌದು, ನಮ್ಮ ಪಟ್ಟಿಯಲ್ಲಿ ಜೀರಿಗೆ ಬಿಟ್ಟುಹೋಗಿತ್ತು! ಓದೋಕೆ ಬಂದಿದ್ದಕ್ಕೇ ತಪ್ಪು ಸಿಕ್ಕಿತು.

ಅದಕ್ಕೇ ಈಗ ನಮ್ಮಲ್ಲಿ ಪರದೆ ಮೇಲೆ ತೋರಿಸಿ ಒಪ್ಪಿಗೆ ಪಡೆಯೋ ಪದ್ಧತಿ ಇಲ್ಲ. ಲೇಬಲ್ ಆದರೆ ಪೊಟ್ಟಣಕ್ಕೆ ಅಂಟಿಸಿ, ಪುಸ್ತಕ ಆದರೆ ನಾಲ್ಕು ಪುಟ ಅದೇ ಕಾಗದದ ಮೇಲೆ ಮುದ್ರಿಸಿ, ಬೋರ್ಡು ಆದರೆ ಹೆಸರನ್ನ ಪೂರ್ಣ ಗಾತ್ರದಲ್ಲಿ ತುಂಡು ತುಂಡಾಗಿ ಮುದ್ರಿಸಿ ಜೋಡಿಸಿ, ರಸ್ತೆಯ ಆಚೆ ಬದಿಯಿಂದ ನೋಡ್ತೇವೆ. ದೊಡ್ಡ ಪುಸ್ತಕ ಇದ್ದರೆ ಗದಗಕ್ಕೆ ಹೋಗಿ ಯಂತ್ರದಿಂದ ಬರುವ ಮೊದಲ ಹಾಳೆ ನೋಡಿಯೇ ಬರೋದು. ಗದಗಿಗೆ ಮುದ್ರಣ ಕಾಶಿ ಅನ್ನೋ ಹೆಸರು ಸುಮ್ಮನೆ ಬಂದಿಲ್ಲ, ಅಲ್ಲಿನ ಹಳೇ ಯಂತ್ರದವರು ವಾಸನೆಯಿಂದಲೇ ಶಾಯಿ ಹೆಚ್ಚಾಯ್ತೋ ಕಮ್ಮಿಯಾಯ್ತೋ ಹೇಳಬಲ್ಲರು.

ಬೋರ್ಡಿನ ಕೆಲಸ 2024ರಲ್ಲಿ ಒಮ್ಮೆಲೇ ಹೆಚ್ಚಾಯ್ತು. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ ರಾಜ್ಯದ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಆಗ. ಅಂಗಡಿಯವರು ಇಂಗ್ಲಿಷ್ ಲೋಗೊ ತಂದು "ಮೇಲೊಂದು ಕನ್ನಡ ಸೇರಿಸಿಕೊಡಿ" ಅಂದರು. ನಾವು ಸೇರಿಸಿಕೊಡಲಿಲ್ಲ, ಎರಡನ್ನೂ ಒಟ್ಟಿಗೆ ಹೊಸದಾಗಿ ಬರೆದೆವು. ಇದಕ್ಕೆ ಎರಡು ದಿನ ಹೆಚ್ಚು ಬೇಕಾಯ್ತು, ಕೆಲವರು ಎದ್ದುಹೋದರು. ಕತ್ತರಿಸಿದ ಅಕ್ರಿಲಿಕ್ ಅಕ್ಷರ ಮಾಡಿಸುವಾಗ ಇನ್ನೊಂದು ಎಚ್ಚರ: ಒತ್ತಕ್ಷರ ಎಷ್ಟೋ ಸಲ ಬೇರೆ ತುಂಡಾಗಿ ಬರುತ್ತೆ, ಅದಕ್ಕೆ ಸ್ವಂತ ಮೊಳೆ ಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ 'ಅಣ್ಣ' ಹೋಗಿ 'ಅಣ' ಆಗುತ್ತೆ.

ತಾಂತ್ರಿಕ ವಿಷಯ ಚುಟುಕಾಗಿ. ಪುಟ ಜೋಡಿಸೋ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫಿಗೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಚಿತ್ರ ಬಿಡಿಸೋ ಇಲ್ಲಸ್ಟ್ರೇಟರಿನಲ್ಲಿ ಇಂಡಿಕ್ ಆಯ್ಕೆ ಚಾಲೂ ಮಾಡಿ. ಇಲ್ಲದಿದ್ದರೆ ಒತ್ತುಗಳು ಬಿಡಿ ಬಿಡಿಯಾಗಿ ಅಚ್ಚಾಗುತ್ತವೆ. ದೊಡ್ಡ ದೊಡ್ಡ ಫ್ಲೆಕ್ಸುಗಳಲ್ಲಿ ಆ ತಪ್ಪನ್ನ ನೀವೂ ನೋಡಿರ್ತೀರಿ. ಲೇಖಕರಿಂದ ಬರುವ ಹಸ್ತಪ್ರತಿ ಇನ್ನೂ ಬಹುಪಾಲು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಓದೋಕೆ ಬರುವ ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಪೂರ್ತಿ ಕರಡು ಮತ್ತೆ ತಿದ್ದಿಸಿ, ಅದರಲ್ಲೂ ಅರ್ಕಾವೊತ್ತು ಬರುವ ಪದಗಳ ಮೇಲೆ ಕಣ್ಣಿಡಿ. ಫಾಂಟಿಗೆ ಕದ್ದ ಪ್ರತಿ ಬೇಡವೇ ಬೇಡ. ಅನೇಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ, ನೋಟೊ ಇವೆಲ್ಲ ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಕನ್ನಡ-ಇಂಗ್ಲಿಷ್ ಒಂದೇ ಪುಟದಲ್ಲಿ ಹೇಗೆ ಹೊಂದಿಕೊಂಡು ಕೂರಬಹುದು ಅಂತ ನೋಡಬೇಕಾದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ತಂದ ಕಿಟ್ಟೆಲ್ ನಿಘಂಟಿನ ಪುಟ ತೆರೆಯಿರಿ. ನಾನು ಗೊಂದಲವಾದಾಗಲೆಲ್ಲ ಅದರ ಮುಂದೆ ಕೂರ್ತೇನೆ.

ಯಾವ ಕೆಲಸ ಬೇಡ ಅನ್ನಬೇಕು ಅನ್ನೋದು ಮೊದಲೇ ನಿಮ್ಮಲ್ಲಿ ತೀರ್ಮಾನ ಆಗಿರಲಿ. ಒಬ್ಬ ವ್ಯಾಪಾರಿ ಬೆರಕೆ ಖಾರದ ಪುಡಿಗೆ 'ಅಸಲಿ ಬ್ಯಾಡಗಿ' ಅಂತ ಬರೆಯೋಕೆ ಹೇಳಿದ್ದರು. ಬ್ಯಾಡಗಿ ಮೆಣಸಿನಕಾಯಿ ಭೌಗೋಳಿಕ ಸೂಚಕ, ಅಂದರೆ ಆ ಪ್ರದೇಶದ ಹೆಸರಿಗೆ ಕಾನೂನಿನ ರಕ್ಷಣೆ, ಪಡೆದ ಬೆಳೆ, ಅದನ್ನ ಬೆಳೆಯುವ ರೈತರಿಗೆ ಸೇರಿದ ಹೆಸರು ಅದು. ನಾವು ಒಪ್ಪಲಿಲ್ಲ, ಮುಂಗಡ ಹಣ ವಾಪಸ್ ಕೊಟ್ಟೆವು. ಆ ತಿಂಗಳ ಬಾಡಿಗೆಗೆ ಒದ್ದಾಡಿದೆವು, ಆದರೂ ಇವತ್ತೂ ಅದೇ ನಿರ್ಧಾರ ಮಾಡ್ತೇನೆ.

ದುಡ್ಡಿನ ಬಗ್ಗೆ: ಅರ್ಧ ಮುಂಗಡ, ಎರಡು ಸುತ್ತು ತಿದ್ದುಪಡಿ, ಇದನ್ನ ಬರಹದಲ್ಲಿ ಕೊಡಿ. ಪರಿಚಯದವರಿಗೂ ಕೊಡಿ. ಕೆಲಸ ಮುಗಿದ ಮೇಲೆ ಮೂಲ ಫೈಲುಗಳನ್ನ ಗ್ರಾಹಕರ ಕೈಗೇ ಒಪ್ಪಿಸಿ. ಫೈಲು ಹಿಡಿದಿಟ್ಟುಕೊಂಡರೆ ಅವರು ಮತ್ತೆ ಬರ್ತಾರೆ ಅಂತ ಕೆಲವರು ಹೇಳಿಕೊಡ್ತಾರೆ, ಕೇಳಬೇಡಿ. ಚಟ್ನಿ ಸಂಘದವರು ಈಗ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಲೇಬಲ್ಲುಗಳನ್ನ ನಮ್ಮ ಫೈಲಿನಿಂದ ತಾವೇ ಊರ ಡಿಟಿಪಿ ಅಂಗಡಿಯಲ್ಲಿ ಮಾಡಿಸಿಕೊಳ್ತಾರೆ. ಹೋದ ತಿಂಗಳು ಒಂದು ಪೊಟ್ಟಣ ಕಳಿಸಿದ್ದರು. 'ಗುರೆಳ್ಳು' ಪದದ ಕೆಳಗೆ ಒತ್ತಿಗೆ ಬಿಟ್ಟ ಜಾಗ ಹಾಗೇ ಇತ್ತು, ಡಿಟಿಪಿಯ ಹುಡುಗ ಅದನ್ನ ಮುಟ್ಟಿರಲಿಲ್ಲ.

ನಿಮ್ಮದು ಯಾವ ಊರು ಅಂತ ತಿಳಿಸಿ. ಅಲ್ಲಿ ಇನ್ನೂ ಕೈಬರಹದ ಬೋರ್ಡು ಉಳಿದಿದ್ದರೆ ಮೊದಲ ವಾರ ಬೇರೇನೂ ಮಾಡದೆ ಅವುಗಳ ಫೋಟೊ ತೆಗೆದುಕೊಂಡು ಬನ್ನಿ, ಬರೆದವರು ಸಿಕ್ಕರೆ ಅವರ ಜೊತೆ ಕೂತು ಒಂದು ಕಪ್ ಚಹಾ ಕುಡಿಯಿರಿ.