ಇಳಿಸಿದ ತಂತಿ, ಹಳೇ ಅಂಗಿ: ಗ್ರಂಜ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಗ್ರಂಜ್ ಅನ್ನೋ ರಾಕ್ ಸಂಗೀತದ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ನನಗೂ ಇದು ತುಂಬಾ ಹತ್ತಿರದ ವಿಷಯ.

ಪ್ರಶ್ನೆ: ಗ್ರಂಜ್ ಅಂದರೆ ಅರ್ಥ ಏನು? ಈ ಹೆಸರು ಇಟ್ಟವರು ಯಾರು?

ಗ್ರಂಜ್ ಅಂದರೆ ಕೊಳೆ, ಜಿಡ್ಡು. ಉಗುರಿನ ಸಂದಿಯಲ್ಲಿ ಸೇರಿಕೊಂಡಿರುತ್ತಲ್ಲ, ಅಂಥದ್ದು. ಅಮೆರಿಕದ ಆಡುಮಾತಿನ ಪದ ಇದು. ಗಿಟಾರಿನ ಒರಟು ಸದ್ದನ್ನು ವರ್ಣಿಸೋಕೆ ರಾಕ್ ವಿಮರ್ಶಕರು ಎಪ್ಪತ್ತರ ದಶಕದಲ್ಲೇ ಇದನ್ನು ಬಳಸುತ್ತಿದ್ದರು. ಸಿಯಾಟಲ್ ಊರಿಗೆ ಅಂಟಿಕೊಂಡಿದ್ದು ಆಮೇಲೆ. 1981ರಲ್ಲಿ ಮಾರ್ಕ್ ಆರ್ಮ್ ಅನ್ನೋ ಹುಡುಗ ಅಲ್ಲಿನ ಡೆಸ್ಪರೇಟ್ ಟೈಮ್ಸ್ ಎಂಬ ಪುಟ್ಟ ಪತ್ರಿಕೆಗೆ ಒಂದು ಕಾಗದ ಬರೆದ. ಅದರಲ್ಲಿ ತನ್ನದೇ ಬ್ಯಾಂಡನ್ನು ಬೈದಿದ್ದ, ಬರೀ ಗ್ರಂಜ್, ಬರೀ ಗದ್ದಲ ಅಂತ. ಆರು ವರ್ಷ ಬಿಟ್ಟು, 1987ರಲ್ಲಿ, ಅವನೇ ಹಾಡುತ್ತಿದ್ದ ಗ್ರೀನ್ ರಿವರ್ ಬ್ಯಾಂಡಿನ ರೆಕಾರ್ಡನ್ನು ಸಬ್ ಪಾಪ್ ಎಂಬ ಲೇಬಲ್ (ಅಂದರೆ ರೆಕಾರ್ಡ್ ಕಂಪನಿ) ಹೊರತಂದಿತು. ಅದನ್ನು ಮಾರೋಕೆ ಬರೆದ ಒಕ್ಕಣೆಯಲ್ಲಿ ಈ ಪದ ಮತ್ತೆ ಬಂತು. ಬೈಗುಳವಾಗಿದ್ದದ್ದು ಜಾಹೀರಾತಾಯಿತು. ಆ ಬ್ಯಾಂಡ್‌ಗಳಲ್ಲಿ ಎಷ್ಟೋ ಜನಕ್ಕೆ ಈ ಹೆಸರು ಕೊನೆಯವರೆಗೂ ಇಷ್ಟವಾಗಲಿಲ್ಲ.

ಪ್ರಶ್ನೆ: ನ್ಯೂಯಾರ್ಕ್, ಲಾಸ್ ಏಂಜಲೀಸ್ ಬಿಟ್ಟು ಸಿಯಾಟಲ್‌ನಲ್ಲೇ ಇದು ಯಾಕೆ ಹುಟ್ಟಿತು?

ಮಳೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಶರತ್ಕಾಲದಿಂದ ವಸಂತದವರೆಗೆ ಅಲ್ಲಿ ಜಿಟಿಜಿಟಿ ಮಳೆ ಬಿಡೋದೇ ಇಲ್ಲ, ಹೊರಗೆ ಹೋಗೋಕೆ ಆಗಲ್ಲ, ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಆಂಪ್ಲಿಫೈಯರ್ ಹಾಕಿಕೊಂಡು ಕೂರುತ್ತಾರೆ. ಆದರೆ ಮಳೆ ಸುರಿಯುವ ಊರುಗಳು ಇನ್ನೂ ಎಷ್ಟೋ ಇವೆ, ಅಲ್ವಾ?

ನನ್ನ ಪ್ರಕಾರ ದೊಡ್ಡ ಕಾರಣ ದೂರ. ಸಿಯಾಟಲ್ ಇರೋದು ದೇಶದ ವಾಯವ್ಯ ಮೂಲೆಯಲ್ಲಿ. ಎಂಬತ್ತರ ದಶಕದಲ್ಲಿ ಪ್ರವಾಸ ಹೊರಟ ಎಷ್ಟೋ ಬ್ಯಾಂಡ್‌ಗಳು ಅಷ್ಟು ದೂರ ಬರುತ್ತಲೇ ಇರಲಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗಳು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲ ಅಂದಮೇಲೆ ಯಾರ ಹಾಗೆ ನುಡಿಸಬೇಕು ಅನ್ನೋ ಹೆದರಿಕೆಯೂ ಇರಲ್ಲ. ಪಂಕ್, ಹೆವಿ ಮೆಟಲ್ ಎರಡೂ ರಾಕ್‌ನ ಬೇರೆ ಬೇರೆ ಬಗೆ. ಬೇರೆ ಊರುಗಳಲ್ಲಿ ಪಂಕ್ ಹುಡುಗರು ಹೆವಿ ಮೆಟಲ್ ಅಂದರೆ ಮೂಗು ಮುರಿಯುತ್ತಿದ್ದರು, ಮೆಟಲ್ ಹುಡುಗರು ಪಂಕ್ ಅಂದರೆ. ಇಲ್ಲಿ ಕೇಳುಗರೇ ಕಡಿಮೆ, ಇದ್ದವರೆಲ್ಲ ಒಂದೇ ಕೋಣೆಯಲ್ಲಿ ಸೇರಬೇಕು. ಮೆಟಲ್‌ನ ಬ್ಲ್ಯಾಕ್ ಸಬಾತ್ ಮತ್ತು ಪಂಕ್‌ನ ಬ್ಲ್ಯಾಕ್ ಫ್ಲ್ಯಾಗ್, ಎರಡು ಬ್ಯಾಂಡನ್ನೂ ಒಬ್ಬನೇ ಹುಡುಗ ಇಷ್ಟಪಡಬಹುದಿತ್ತು.

ಇದರ ಜೊತೆಗೆ 1985ರಲ್ಲಿ ಸಿಯಾಟಲ್ ನಗರ ಒಂದು ಕಾನೂನು ತಂದಿತು. ಹದಿಹರೆಯದವರನ್ನು ಬಿಟ್ಟುಕೊಳ್ಳುವ ಸಂಗೀತ ಕಾರ್ಯಕ್ರಮ ನಡೆಸಬೇಕಾದರೆ 10 ಲಕ್ಷ ಡಾಲರ್ ವಿಮೆ ಮಾಡಿಸಬೇಕಿತ್ತು. ಅಷ್ಟು ದುಡ್ಡು ಯಾರ ಹತ್ತಿರ ಇರುತ್ತೆ? ಹುಡುಗರು ಬಾಡಿಗೆ ಮನೆಗಳಲ್ಲಿ, ಗೋದಾಮುಗಳಲ್ಲಿ ನುಡಿಸಿದರು.

ದಾರಿ ಮಾಡಿಕೊಟ್ಟವರು ಬೆರಳೆಣಿಕೆಯಷ್ಟು ಜನ. ಬ್ರೂಸ್ ಪ್ಯಾವಿಟ್ ಹತ್ತಿರದ ಒಲಿಂಪಿಯಾ ಊರಿನ ಕಾಲೇಜಿನಲ್ಲಿದ್ದಾಗ ಶುರು ಮಾಡಿದ ಪುಟ್ಟ ಪತ್ರಿಕೆಯೇ ಮುಂದೆ ಸಬ್ ಪಾಪ್ ಲೇಬಲ್ ಆಯಿತು. ಜೋನಾಥನ್ ಪೋನ್‌ಮನ್ ವಿಶ್ವವಿದ್ಯಾಲಯದ ರೇಡಿಯೊದಲ್ಲಿ ಊರಿನ ಬ್ಯಾಂಡ್‌ಗಳನ್ನು ಹಾಕುತ್ತಿದ್ದವರು. ಇಬ್ಬರನ್ನೂ ಸೇರಿಸಿದ್ದು ಸೌಂಡ್‌ಗಾರ್ಡನ್ ಬ್ಯಾಂಡಿನ ಗಿಟಾರ್ ವಾದಕ ಕಿಮ್ ಥೈಲ್. (ಅವರ ತಂದೆ ತಾಯಿ ಕೇರಳದವರು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.) ಇನ್ನು ಜ್ಯಾಕ್ ಎಂಡಿನೊ. ತ್ರಿಕೋನ ಆಕಾರದ ಒಂದು ಸಣ್ಣ ಕಟ್ಟಡದಲ್ಲಿ ರೆಸಿಪ್ರೋಕಲ್ ಅನ್ನೋ ಸ್ಟುಡಿಯೋ ಇತ್ತು, ಅಲ್ಲಿ ಇವರು ಕಡಿಮೆ ದುಡ್ಡಿಗೆ ರೆಕಾರ್ಡ್ ಮಾಡಿಕೊಡುತ್ತಿದ್ದರು. ನಿರ್ವಾಣ ಬ್ಯಾಂಡಿನ ಮೊದಲ ಆಲ್ಬಮ್ ಬ್ಲೀಚ್ ಅಲ್ಲೇ ಆಗಿದ್ದು. ಖರ್ಚು 606 ಡಾಲರ್ 17 ಸೆಂಟ್. ಆ ದುಡ್ಡು ಕೊಟ್ಟಿದ್ದು ಆಮೇಲೆ ಬ್ಯಾಂಡಿಗೆ ಸೇರಿದ ಗಿಟಾರ್ ವಾದಕ ಜೇಸನ್ ಎವರ್‌ಮನ್. ಅವರು ಆ ಆಲ್ಬಮ್‌ನಲ್ಲಿ ಒಂದು ಸ್ವರವನ್ನೂ ನುಡಿಸಿಲ್ಲ, ಆದರೂ ಮುಖಪುಟದ ಚಿತ್ರದಲ್ಲಿ ಇದ್ದಾರೆ. 1989ರಲ್ಲಿ ಅದು ಬಂತು. ಕೇಳಿ ನೋಡಿ, ಒಂದು ಹಾಡನ್ನು ಹತ್ತು ಸಲ ತಿದ್ದುವಷ್ಟು ಹೊತ್ತು ಅವರಿಗಿರಲಿಲ್ಲ ಅನ್ನೋದು ಸದ್ದಿನಲ್ಲೇ ಗೊತ್ತಾಗುತ್ತೆ. ನನಗೆ ಆ ಒರಟುತನವೇ ಪ್ರೀತಿ.

ಪ್ರಶ್ನೆ: ಗ್ರಂಜ್ ಶುರು ಮಾಡಿದ್ದು ನಿರ್ವಾಣ ತಾನೇ?

ಅಲ್ಲ. ಜಗತ್ತಿಗೆ ಕೇಳಿಸಿದ್ದು ನಿರ್ವಾಣ. 1986ರಲ್ಲೇ ಡೀಪ್ ಸಿಕ್ಸ್ ಅಂತ ಒಂದು ಸಂಕಲನ ಬಂದಿತ್ತು. ಗ್ರೀನ್ ರಿವರ್, ಮೆಲ್ವಿನ್ಸ್, ಸೌಂಡ್‌ಗಾರ್ಡನ್, ಮಾಲ್ಫಂಕ್ಷನ್, ಸ್ಕಿನ್ ಯಾರ್ಡ್, ಯು-ಮೆನ್, ಆರೂ ಬ್ಯಾಂಡ್‌ಗಳು ಅದರಲ್ಲಿವೆ. ನಿರ್ವಾಣ ಇನ್ನೂ ಹುಟ್ಟಿರಲಿಲ್ಲ. ಗ್ರೀನ್ ರಿವರ್ ಒಡೆದ ಮೇಲೆ ಮಾರ್ಕ್ ಆರ್ಮ್ ಮತ್ತು ಸ್ಟೀವ್ ಟರ್ನರ್ ಮಡ್‌ಹನಿ ಕಟ್ಟಿದರು. ಗ್ರೀನ್ ರಿವರ್‌ನ ಇನ್ನಿಬ್ಬರು, ಸ್ಟೋನ್ ಗೊಸಾರ್ಡ್ ಮತ್ತು ಜೆಫ್ ಅಮೆಂಟ್, ಮದರ್ ಲವ್ ಬೋನ್ ಕಟ್ಟಿದರು. ಅದರ ಗಾಯಕ ಆಂಡ್ರ್ಯೂ ವುಡ್ 1990ರಲ್ಲಿ ತೀರಿಕೊಂಡ ಮೇಲೆ ಆ ಇಬ್ಬರೇ ಪರ್ಲ್ ಜ್ಯಾಮ್ ಶುರು ಮಾಡಿದ್ದು. ನೋಡಿ, ಒಂದು ಬೇರಿನಿಂದ ಎಷ್ಟು ಕವಲು.

ಆಮೇಲೆ 1991ರ ಸೆಪ್ಟೆಂಬರ್‌ನಲ್ಲಿ ನಿರ್ವಾಣದ ನೆವರ್‌ಮೈಂಡ್ ಬಂತು. 1992ರ ಜನವರಿಯಲ್ಲಿ ಅದು ಮೈಕಲ್ ಜ್ಯಾಕ್ಸನ್ ಆಲ್ಬಮನ್ನು ಕೆಳಗಿಳಿಸಿ ಅಮೆರಿಕದ ಆಲ್ಬಮ್ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಜಾಗಕ್ಕೆ ಹೋಯಿತು. ಅಲ್ಲಿಂದ ಎಲ್ಲ ಬದಲಾಯಿತು.

ಪ್ರಶ್ನೆ: ನಾನು ಈಗಷ್ಟೇ ಗಿಟಾರ್ ಕಲಿಯುತ್ತಿದ್ದೇನೆ. ಆ ಭಾರವಾದ ಸದ್ದು ಹೇಗೆ ಬರುತ್ತದೆ?

ಗಿಟಾರ್ ಕೈಗೆ ತಗೊಳ್ಳಿ. ಎಲ್ಲಕ್ಕಿಂತ ದಪ್ಪ ತಂತಿ, ಆರನೆಯದು, ಇ ಸ್ವರದಲ್ಲಿರುತ್ತೆ. ಅದರ ಕಿವಿ ತಿರುಗಿಸಿ ಡಿಗೆ ಇಳಿಸಿ. ನಾಲ್ಕನೇ ತಂತಿಯೂ ಡಿ ಸ್ವರದ್ದೇ, ಎರಡನ್ನೂ ಜೊತೆಗೆ ಮೀಟಿ ಹೊಂದಿಸಿದರೆ ಸಾಕು. ಇದಕ್ಕೆ ಡ್ರಾಪ್ ಡಿ ಅಂತಾರೆ. ಈಗ ದಪ್ಪ ಮೂರು ತಂತಿಗಳ ಮೇಲೆ ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿ ಮೀಟಿ. ಪೂರ್ತಿ ಪವರ್ ಕಾರ್ಡ್, ಅಂದರೆ ರಾಕ್‌ನ ಭಾರವಾದ ಸ್ವರಗುಚ್ಛ, ಬಂತು! ಬೆರಳನ್ನು ಹಾಗೇ ಜಾರಿಸಿದರೆ ಮುಂದಿನದು. ತಂತಿ ಸಡಿಲವಾಗಿರೋದರಿಂದ ಸದ್ದು ಎದೆಗೆ ಬಂದು ಬಡಿಯುತ್ತೆ. ಕಿಮ್ ಥೈಲ್‌ಗೆ ಇದನ್ನು ಹೇಳಿಕೊಟ್ಟದ್ದು ಮೆಲ್ವಿನ್ಸ್‌ನ ಬಜ್ ಆಸ್ಬೋರ್ನ್. ಎಲ್ಲ ಪಂಕ್ ಬ್ಯಾಂಡ್‌ಗಳೂ ಓಡುತ್ತಿದ್ದಾಗ ಮೆಲ್ವಿನ್ಸ್ ವೇಗ ಇಳಿಸಿ, ಕೆಸರಲ್ಲಿ ಕಾಲು ಎಳೆದ ಹಾಗೆ ನುಡಿಸಿದರು. ಗ್ರಂಜ್‌ನ ತೂಕ ಬಂದದ್ದು ಅಲ್ಲಿಂದ.

ಇನ್ನೊಂದು, ಫಝ್ ಪೆಡಲ್. ಗಿಟಾರಿನ ಸದ್ದನ್ನು ಒರಟು ಮಾಡೋ, ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ ಅದು. ಮಡ್‌ಹನಿಯವರು 1988ರ ತಮ್ಮ ರೆಕಾರ್ಡಿಗೆ ಸೂಪರ್‌ಫಝ್ ಬಿಗ್‌ಮಫ್ ಅಂತ ಎರಡು ಪೆಡಲ್‌ಗಳ ಹೆಸರನ್ನೇ ಇಟ್ಟುಬಿಟ್ಟರು. ದುಬಾರಿ ಉಪಕರಣದ ಹಿಂದೆ ಬೀಳಬೇಡಿ. ಮೊದಲು ಪದ್ಯವನ್ನು ಮೆಲ್ಲಗೆ, ಪಲ್ಲವಿಯನ್ನು ಪೂರ್ತಿ ಜೋರಾಗಿ ನುಡಿಸೋದು ಅಭ್ಯಾಸ ಮಾಡಿ. ನಿರ್ವಾಣದ ಗಾಯಕ ಕರ್ಟ್ ಕೋಬೇನ್ ಈ ಏರಿಳಿತವನ್ನು ಬಾಸ್ಟನ್ನಿನ ಪಿಕ್ಸೀಸ್ ಬ್ಯಾಂಡಿನಿಂದ ತೆಗೆದುಕೊಂಡೆ ಅಂತ ತಾವೇ ಹೇಳಿಕೊಂಡಿದ್ದಾರೆ.

ಪ್ರಶ್ನೆ: ನನ್ನ ಮಗಳು ಹರಿದ ಜೀನ್ಸ್, ದೊಗಳೆ ಚೌಕಳಿ ಅಂಗಿ ಹಾಕಿ ಇದು ಗ್ರಂಜ್ ಫ್ಯಾಷನ್ ಅನ್ನುತ್ತಾಳೆ. ಇದನ್ನು ವಿನ್ಯಾಸ ಮಾಡಿದವರು ಯಾರು?

ಯಾರೂ ಇಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗೋದೇ ಅದು.

ಕೋಬೇನ್ ಹುಟ್ಟಿದ ಅಬರ್ಡೀನ್ ಮರ ಕಡಿಯುವವರ ಊರು. ಅಲ್ಲಿ ಫ್ಲಾನೆಲ್ ಅಂಗಿ, ಅಂದರೆ ಆ ದಪ್ಪ ಚೌಕಳಿ ಅಂಗಿ, ಕೆಲಸದ ಬಟ್ಟೆ. ಬೆಚ್ಚಗಿರುತ್ತೆ, ಬೇಗ ಹರಿಯಲ್ಲ. ಯಾರೋ ಹಾಕಿ ಬಿಟ್ಟ ಅಂಗಿ ಹಳೇ ಬಟ್ಟೆ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿತ್ತು. ಚಳಿಗೆ ಟೀ ಶರ್ಟ್ ಮೇಲೆ ಅದು, ಅದರ ಮೇಲೆ ಸ್ವೆಟರ್, ಚಡ್ಡಿಯ ಒಳಗೆ ಉದ್ದನೆಯ ಥರ್ಮಲ್. ಬಿಸಿಲು ಬಂದರೆ ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳೋದು. ಕೋಬೇನ್ ತುಂಬಾ ಸಣಕಲು, ಅದನ್ನು ಮುಚ್ಚೋಕೆ ಒಂದರ ಮೇಲೊಂದು ಹಾಕುತ್ತಿದ್ದರು. ಜೀನ್ಸ್ ಮಂಡಿಯಲ್ಲಿ ಹರಿದದ್ದು ಹಾಕಿ ಹಾಕಿ ಸವೆದು. ಆ ಕಾಲದ ಬೇರೆ ರಾಕ್ ತಾರೆಯರು ಮೈಗಂಟುವ ಹೊಳೆಯುವ ಪ್ಯಾಂಟು ಹಾಕಿ, ಕೂದಲಿಗೆ ಸ್ಪ್ರೇ ಹೊಡೆದು ವೇದಿಕೆ ಹತ್ತುತ್ತಿದ್ದರು. ಇವರು ಬೆಳಿಗ್ಗೆ ಹಾಕಿದ ಬಟ್ಟೆಯಲ್ಲೇ ರಾತ್ರಿ ನುಡಿಸಿದರು. ಸಂಗೀತಕ್ಕೂ ಬಟ್ಟೆಗೂ ಕಾರಣ ಒಂದೇ: ಕೈಗೆ ಸಿಕ್ಕಿದ್ದು, ಅಗ್ಗದ್ದು, ಬಾಳಿಕೆ ಬರೋದು.

ಹುಡುಗಿಯರದ್ದು ಇನ್ನೊಂದು ದಾರಿ. ಗಾಯಕಿಯರಾದ ಕ್ಯಾಟ್ ಬಿಯೆಲ್ಲಂಡ್, ಕರ್ಟ್ನಿ ಲವ್ ಇವರೆಲ್ಲ ಪುಟ್ಟ ಮಕ್ಕಳ ಫ್ರಾಕಿನಂಥ ಹಳೇ ಉಡುಪಿಗೆ ದಪ್ಪ ಬೂಟು ಹಾಕಿ, ಅದರ ಜೊತೆ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ಗೊಂಬೆಯ ಹಾಗೆ ಕಾಣಬೇಕು ಅಂದವರಿಗೆ ಅದು ನೇರ ಉತ್ತರವಾಗಿತ್ತು.

ವಿನ್ಯಾಸಕರು ಬಂದದ್ದು ಆಮೇಲೆ. 1992ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಕ್ ಜೇಕಬ್ಸ್ ಪೆರ್ರಿ ಎಲ್ಲಿಸ್ ಕಂಪನಿಗಾಗಿ ಗ್ರಂಜ್ ಉಡುಪಿನ ಪ್ರದರ್ಶನ ಮಾಡಿದರು. ಹೆಸರಾಂತ ರೂಪದರ್ಶಿಯರಾದ ಕೇಟ್ ಮಾಸ್, ನವೋಮಿ ಕ್ಯಾಂಪ್‌ಬೆಲ್ ಅದರಲ್ಲಿ ನಡೆದರು. ಫ್ಲಾನೆಲ್ ಚೌಕಳಿಯನ್ನು ರೇಷ್ಮೆ ಮೇಲೆ ಅಚ್ಚು ಹಾಕಿಸಿದ್ದರು. ಕಂಪನಿ ಜೇಕಬ್ಸ್ ಅವರನ್ನು ಕೆಲಸದಿಂದ ತೆಗೆಯಿತು. ಆ ಬಟ್ಟೆಗಳನ್ನು ಕೋಬೇನ್ ಮತ್ತು ಲವ್ ದಂಪತಿಗೂ ಕಳಿಸಿದ್ದರಂತೆ, ಸುಟ್ಟುಹಾಕಿದೆವು ಅಂತ ಲವ್ ಮುಂದೆ ಹೇಳಿದರು. ಜೇಕಬ್ಸ್‌ಗೆ ಆ ಬಟ್ಟೆಗಳ ಮೇಲೆ ನಿಜವಾದ ಪ್ರೀತಿ ಇತ್ತು ಅಂತಲೇ ನಾನು ನಂಬುತ್ತೇನೆ. ಆದರೆ ರೇಷ್ಮೆ ಮಾಡಿದ ಕೂಡಲೇ ಆ ಅಂಗಿಯ ಕೆಲಸವೇ ಹೋಯಿತು, ಅದು ಚಳಿ ತಡೆಯಲ್ಲ.

ನಿಮ್ಮ ಮಗಳಿಗೆ ಹೇಳಿ, ಹರಿದದ್ದನ್ನು ಹೊಸದಾಗಿ ಕೊಳ್ಳೋದು ಬೇಡ. ಮನೆಯ ಬೀರುವಿನಲ್ಲಿರೋ ಹಳೇ ಅಂಗಿ ಹುಡುಕಲಿ.

ಪ್ರಶ್ನೆ: ಗ್ರಂಜ್ ಹುಡುಗರಿಗೆ ಅವರದ್ದೇ ಗುಪ್ತ ಭಾಷೆ ಇತ್ತು ಅಂತ ಓದಿದೆ. ನಿಜವೇ?

ಸುಳ್ಳು. 1992ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಗ್ರಂಜ್ ಪದಗಳಿಗಾಗಿ ಸಿಯಾಟಲ್‌ಗೆ ಫೋನ್ ಮಾಡಿದರು. ಮೊದಲು ಸಬ್ ಪಾಪ್‌ನಲ್ಲಿ ಫೋನ್ ಎತ್ತುವ ಕೆಲಸ ಮಾಡಿದ್ದ ಮೇಗನ್ ಜ್ಯಾಸ್ಪರ್ ಸುಮ್ನೆ ಬಾಯಿಗೆ ಬಂದ ಪದ ಕಟ್ಟಿ ಹೇಳಿದರು. ಹರಿದ ಹಳೇ ಜೀನ್ಸಿಗೆ ವ್ಯಾಕ್ ಸ್ಲ್ಯಾಕ್ಸ್ ಅಂತಾರೆ, ಇಂಥವು. ಪತ್ರಿಕೆ ಎಲ್ಲವನ್ನೂ ಅಚ್ಚು ಹಾಕಿತು. ಜ್ಯಾಸ್ಪರ್ ಮುಂದೆ ಅದೇ ಸಬ್ ಪಾಪ್‌ನ ಮುಖ್ಯಸ್ಥೆಯಾದರು.

ಪ್ರಶ್ನೆ: ಕೋಬೇನ್ ಸ್ವೆಟರ್ ಹರಾಜಾಯಿತಂತೆ, ಹೌದಾ?

ಹೌದು. ಹಸಿರು ಬಣ್ಣದ ಕಾರ್ಡಿಗನ್. 1993ರ ನವೆಂಬರ್‌ನಲ್ಲಿ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಹಾಕಿದ್ದು. ಮುಂದಿನ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಆಗ 27 ವರ್ಷ. 2019ರಲ್ಲಿ ಅದು 3,34,000 ಡಾಲರಿಗೆ ಹೋಯಿತು. ಒಂದು ಗುಂಡಿ ಇಲ್ಲ, ಸಿಗರೇಟಿನ ಕಿಡಿಗೆ ಸುಟ್ಟ ತೂತು ಇದೆ, ಒಗೆದೇ ಇಲ್ಲ. ಆ ರಾತ್ರಿಯ ರೆಕಾರ್ಡಿಂಗ್ ಸಿಕ್ಕರೆ ಕೊನೆಯ ಹಾಡನ್ನು ಕೇಳಿ. ಮುಗಿಯುವ ಹೊತ್ತಿಗೆ ಅವರ ದನಿ ಒಡೆಯುತ್ತೆ, ಒಂದು ಕ್ಷಣ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ, ಆಮೇಲೆ ಉಳಿದ ಸಾಲು ಹಾಡುತ್ತಾರೆ.