ಓದುಗರ ಪ್ರಶ್ನೆ: ಕಡಲೊಡ್ಡಿನ ಹಿಂದಿನ ಪೂರ್ವ ಫ್ರೀಸ್‌ಲ್ಯಾಂಡ್

ಜರ್ಮನಿಯ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರಕ್ಕೆ ತಾಗಿಕೊಂಡಿರುವ ಪೂರ್ವ ಫ್ರೀಸ್‌ಲ್ಯಾಂಡ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇವೆ. ಹಲವರು ಒಂದೇ ವಿಷಯ ಕೇಳಿದ್ದರೆ ಅವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಫ್ರೀಸ್‌ಲ್ಯಾಂಡ್ ಎಂದರೆ ನೆದರ್ಲೆಂಡ್ಸ್‌ನ ಒಂದು ಪ್ರಾಂತ್ಯ ಎಂದುಕೊಂಡಿದ್ದೆ. ಜರ್ಮನಿಯಲ್ಲೂ ಇದೆಯೇ? ಅಲ್ಲಿಯವರು ಫ್ರೀಸಿಯನ್ ಭಾಷೆ ಆಡುತ್ತಾರೆಯೇ?

ಉತ್ತರ: ಫ್ರೀಸಿಯನ್ನರ ನಾಡು ಇಂದು ಮೂರು ತುಂಡು. ನೆದರ್ಲೆಂಡ್ಸ್‌ನ ಪ್ರಾಂತ್ಯ ಒಂದು, ಡೆನ್ಮಾರ್ಕ್ ಗಡಿಗೆ ಹತ್ತಿರದ ಉತ್ತರ ಫ್ರೀಸ್‌ಲ್ಯಾಂಡ್ ಇನ್ನೊಂದು. ಇವೆರಡರ ನಡುವೆ, ಎಮ್ಸ್ ನದಿ ಕಡಲು ಸೇರುವಲ್ಲಿಂದ ಪೂರ್ವಕ್ಕೆ ಹಬ್ಬಿರುವುದು ಪೂರ್ವ ಫ್ರೀಸ್‌ಲ್ಯಾಂಡ್. ಆಡಳಿತದ ಲೆಕ್ಕದಲ್ಲಿ ಇದು ಲೋವರ್ ಸ್ಯಾಕ್ಸನಿ ರಾಜ್ಯದ ಔರಿಶ್, ಲೇರ್, ವಿಟ್‌ಮುಂಡ್ ಜಿಲ್ಲೆಗಳು ಮತ್ತು ಎಮ್ಡೆನ್ ನಗರ. ಪಕ್ಕದಲ್ಲೇ ‘ಫ್ರೀಸ್‌ಲ್ಯಾಂಡ್’ ಎಂಬ ಹೆಸರಿನ ಇನ್ನೊಂದು ಜಿಲ್ಲೆಯಿದೆ, ಯೇವರ್ ಅದರ ಮುಖ್ಯ ಪಟ್ಟಣ. ಅದು ಪೂರ್ವ ಫ್ರೀಸ್‌ಲ್ಯಾಂಡಿಗೆ ಸೇರಿದ್ದಲ್ಲ. ನಕ್ಷೆ ನೋಡುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಭಾಷೆಯ ವಿಷಯದಲ್ಲಿ ನಿರಾಸೆ ಕಾದಿದೆ. ಇಲ್ಲಿ ಫ್ರೀಸಿಯನ್ ನಿಂತುಹೋಗಿ ಶತಮಾನಗಳೇ ಆದವು. ಹಳ್ಳಿಗಳಲ್ಲಿ ಕೇಳಿಬರುವುದು ಪ್ಲಾಟ್ ಎಂಬ ತಗ್ಗುನಾಡಿನ ಜರ್ಮನ್. ಪೂರ್ವ ಶಾಖೆಯ ಫ್ರೀಸಿಯನ್ ಇನ್ನೂ ಬದುಕಿರುವುದು ದಕ್ಷಿಣಕ್ಕಿರುವ ಝಾಟರ್‌ಲಾಂಡ್‌ನಲ್ಲಿ ಮಾತ್ರ. ಅದನ್ನು ಆಡುವವರು ಸುಮಾರು 2,000 ಮಂದಿ. ಸುತ್ತಲೂ ದಾಟಲಾಗದ ಜೌಗು ಇದ್ದುದರಿಂದ ಹೊರಗಿನ ಭಾಷೆ ಅಲ್ಲಿಗೆ ತಡವಾಗಿ ತಲುಪಿತು.

ಪ್ರಶ್ನೆ: ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದ್ದರೆ ಮಳೆನೀರು ಹೊರಗೆ ಹೋಗುವುದು ಹೇಗೆ? ಒಡ್ಡು ಕಡಲನ್ನು ತಡೆಯುವಂತೆ ಒಳಗಿನ ನೀರನ್ನೂ ತಡೆಯುವುದಿಲ್ಲವೇ?

ಉತ್ತರ: ತಡೆಯುತ್ತದೆ. ಆದ್ದರಿಂದಲೇ ಒಡ್ಡಿನಷ್ಟೇ ತೂಬೂ ಮುಖ್ಯ. ಎಮ್ಡೆನ್ ಬಳಿಯ ಕ್ರುಮ್‌ಹ್ಯೋರ್ನ್‌ನಲ್ಲಿ ಫ್ರೇಪ್ಸುಮ್ ಎಂಬ ಊರಿನ ಪಕ್ಕ ನೀರು ಬಸಿದು ಒಣಗಿಸಿದ ಹಳೆಯ ಕೆರೆಯಂಗಳವೊಂದಿದೆ. ಅದರ ನೆಲ ಸಮುದ್ರಮಟ್ಟಕ್ಕಿಂತ 2 ಮೀಟರಿಗೂ ಹೆಚ್ಚು ಕೆಳಗೆ. ಅಲ್ಲಿ ಬಿದ್ದ ಮಳೆ ತಾನಾಗಿ ಎಲ್ಲಿಗೂ ಹರಿಯದು.

ಹಳೆಯ ವ್ಯವಸ್ಥೆ ಸರಳ. ಹೊಲದ ಸಣ್ಣ ಕಾಲುವೆಯಿಂದ ದೊಡ್ಡ ಕಾಲುವೆಗೆ, ಅಲ್ಲಿಂದ ಒಡ್ಡಿನ ಬುಡದಲ್ಲಿರುವ ‘ಜೀಲ್’ ಎಂಬ ತೂಬಿಗೆ ನೀರು ಬರುತ್ತದೆ. ತೂಬಿಗೆ ಕಡಲ ಕಡೆಗೆ ತೆರೆಯುವ ಜೋಡಿ ಬಾಗಿಲು. ಇಳಿತದಲ್ಲಿ ಕಡಲು ತಗ್ಗಿದಾಗ ಒಳಗಿನ ನೀರೇ ಬಾಗಿಲನ್ನು ಹೊರಕ್ಕೆ ದೂಡಿ ಹರಿಯುತ್ತದೆ. ಉಬ್ಬರ ಬಂದಾಗ ಕಡಲೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಯಂತ್ರ ಬೇಕಿಲ್ಲ, ಕಾವಲುಗಾರನೂ ಬೇಕಿಲ್ಲ. ಗ್ರೇಟ್‌ಜೀಲ್, ನೊಯ್‌ಹಾರ್ಲಿಂಗರ್‌ಜೀಲ್‌ನಂಥ ಬಂದರು ಹಳ್ಳಿಗಳು ತೂಬಿನ ಬಾಯಲ್ಲೇ ಬೆಳೆದದ್ದಕ್ಕೂ ಕಾರಣ ಇದೇ. ಹೊರಬೀಳುವ ನೀರು ಹೂಳನ್ನು ಕೊಚ್ಚಿಕೊಂಡು ಹೋಗಿ ದೋಣಿದಾರಿಯನ್ನು ಆಳವಾಗಿ ಇಡುತ್ತದೆ.

ತೂಬು ಕೈಕೊಡುವುದು ಎರಡು ಸಂದರ್ಭಗಳಲ್ಲಿ. ವಾಯವ್ಯದ ಬಿರುಗಾಳಿ ದಿನಗಟ್ಟಲೆ ಬೀಸಿದರೆ ಇಳಿತದಲ್ಲೂ ಕಡಲು ತಗ್ಗುವುದಿಲ್ಲ, ಬಾಗಿಲು ತೆರೆಯುವುದೇ ಇಲ್ಲ. ಮಳೆ ಸುರಿಯುವುದೂ ಸಾಮಾನ್ಯವಾಗಿ ಅದೇ ದಿನಗಳಲ್ಲಿ. ಎರಡನೆಯದು ನಿಧಾನದ ಕುತ್ತು: ಬಸಿದು ಒಣಗಿದ ಜೌಗು ನೆಲ ಕುಗ್ಗುತ್ತದೆ. ನೆಲ ಇಳಿದಷ್ಟೂ ತೂಬಿನಿಂದ ಹೊರಬೀಳುವ ನೀರು ಕಡಿಮೆ. ಹೀಗಾಗಿ ಈಗ ತೂಬುಗಳ ಜೊತೆಗೆ ನೀರೆತ್ತುವ ಪಂಪ್ ಕೇಂದ್ರಗಳಿವೆ. ಎಮ್ಡೆನ್ ಪಶ್ಚಿಮದ ಕ್ನೋಕ್‌ನಲ್ಲಿರುವುದು ಇವುಗಳಲ್ಲಿ ಬಲು ದೊಡ್ಡದು.

ಒಡ್ಡಿನ ಬಗ್ಗೆಯೂ ಕೇಳಿದ್ದೀರಿ. ಒಳಗೆ ಮರಳು, ಮೇಲೆ ದಪ್ಪ ಜೇಡಿಮಣ್ಣು, ಅದರ ಮೇಲೆ ಹುಲ್ಲು. ಕಡಲ ಕಡೆಯ ಇಳಿಜಾರು 1ಕ್ಕೆ 6ರಷ್ಟು, ಅಂದರೆ 1 ಮೀಟರ್ ಏರಲು 6 ಮೀಟರ್ ಅಗಲ, ಅಥವಾ ಇನ್ನೂ ಮಂದ. ಅಲೆ ಓಡಿ ಓಡಿ ಸುಸ್ತಾಗಲಿ ಎಂದು ಹಾಗೆ. ಒಳಗಿನದು ಸುಮಾರು 1ಕ್ಕೆ 3. ಹಿಂದೆ ಒಳಬದಿ ಇನ್ನೂ ಕಡಿದಾಗಿರುತ್ತಿತ್ತು, ಒಡ್ಡು ಒಡೆಯುತ್ತಿದ್ದುದೂ ಬಹುಪಾಲು ಅಲ್ಲಿಂದಲೇ. ಅಲೆ ಮೇಲಿಂದ ಉಕ್ಕಿ ಒಳಗೆ ಸುರಿದಾಗ ಹಿಂಬದಿಯ ಮಣ್ಣು ಕೊರೆದು ಜಾರುತ್ತದೆ, ಆಮೇಲೆ ಇಡೀ ಒಡ್ಡು ಕೂರುತ್ತದೆ. 1717ರ ಕ್ರಿಸ್‌ಮಸ್ ರಾತ್ರಿಯ ಪ್ರವಾಹ ಈ ಕರಾವಳಿಯುದ್ದಕ್ಕೂ 10,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಇಂದಿನ ಒಡ್ಡುಗಳ ಎತ್ತರ, ಇಳಿಜಾರುಗಳಿಗೆ ಹೆಚ್ಚಿನ ಪಾಠ ಕಲಿಸಿದ್ದು 1962ರ ಫೆಬ್ರವರಿಯ ಬಿರುಗಾಳಿ.

ಒಡ್ಡಿನ ಮೇಲೆ ಮೇಯುವ ಕುರಿಗಳು ಚಿತ್ರಕ್ಕೆ ಚೆಂದ ಎಂದು ಬಿಟ್ಟವಲ್ಲ. ಅವು ಹುಲ್ಲನ್ನು ಗಿಡ್ಡಗೆ ಕಚ್ಚುತ್ತವೆ, ಸಣ್ಣ ಗೊರಸಿನಿಂದ ಮಣ್ಣನ್ನು ತುಳಿದು ಗಟ್ಟಿಮಾಡುತ್ತವೆ. ದನ ಭಾರ ಹೆಚ್ಚಾಗಿ ಇಳಿಜಾರನ್ನು ಕೆದರುತ್ತದೆ. ಹೆಗ್ಗಣ, ಮೊಲಗಳ ಬಿಲ ಕಂಡರೆ ಕೂಡಲೇ ಮುಚ್ಚಬೇಕು. ಬಿರುಗಾಳಿ ಕಳೆದ ಮೇಲೆ ಕಡಲು ಒಡ್ಡಿನ ಮೇಲೆ ಬಿಟ್ಟುಹೋಗುವ ಆಪು, ಕಸಕಡ್ಡಿಯ ರಾಶಿಯನ್ನು ಗಾಡಿಗಟ್ಟಲೆ ತೆಗೆಸುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಬಿಟ್ಟರೆ ಅಡಿಯ ಹುಲ್ಲು ಸಾಯುತ್ತದೆ. ಮುಂದಿನ ಬಿರುಗಾಳಿಗೆ ಆ ಬೋಳು ಜಾಗವೇ ಬಾಗಿಲು. ಖರ್ಚು ಹೊರುವುದು ಒಡ್ಡಿನ ಸಂಘ. ಒಡ್ಡು ಕಾಯುವ ಪ್ರದೇಶದಲ್ಲಿ ಜಮೀನು, ಮನೆ ಇರುವವರೆಲ್ಲ ಅದರ ಸದಸ್ಯರು. ಬೇಡ ಎನ್ನುವ ಆಯ್ಕೆ ಇಲ್ಲ. ಹಿಂದಿನ ಕಾನೂನು ಇನ್ನೂ ಬಿಗಿ: ತನ್ನ ಪಾಲಿನ ಒಡ್ಡನ್ನು ನೋಡಿಕೊಳ್ಳಲಾಗದವನು ಅದರಲ್ಲಿ ಗುದ್ದಲಿ ನೆಟ್ಟು ಹೊರಡಬೇಕು, ಅದನ್ನು ಕಿತ್ತವನಿಗೆ ಜಮೀನೂ ಹೊಣೆಯೂ ಸೇರುತ್ತಿತ್ತು.

ಪ್ರಶ್ನೆ: ಮಧ್ಯಯುಗದಲ್ಲಿ ಫ್ರೀಸಿಯನ್ನರಿಗೆ ರಾಜನೇ ಇರಲಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಹೆಚ್ಚುಕಡಿಮೆ ನಿಜ. ಸಾಮ್ರಾಟನ ಹೆಸರು ಮೇಲೆ ಇತ್ತು, ಆದರೆ ನಡುವೆ ಒಡೆಯ, ಜಹಗೀರುದಾರರು ಇರಲಿಲ್ಲ. ರೈತ ಯಾರ ಜೀತದಾಳೂ ಅಲ್ಲ. ಈ ಸ್ವಾತಂತ್ರ್ಯ ಸಾಮ್ರಾಟ ಷಾರ್ಲ್‌ಮೇನ್ ಕೊಟ್ಟ ವರ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ತೋರಿಸುತ್ತಿದ್ದ ಪತ್ರ ನಕಲಿ. ನಿಜವಾದ ಕಾರಣ ನೆಲದಲ್ಲೇ ಇದೆ. ಕುದುರೆ ಸೈನ್ಯ ಹೂತುಹೋಗುವ ಜೌಗು ಒಂದು, ಒಡ್ಡು ಕಟ್ಟಲು ಊರೆಲ್ಲ ಒಟ್ಟಾಗಲೇಬೇಕಾದ ಅನಿವಾರ್ಯ ಇನ್ನೊಂದು. ಬೇರೆ ಬೇರೆ ಸೀಮೆಗಳ ಪ್ರತಿನಿಧಿಗಳು ಔರಿಶ್ ಬಳಿಯ ಉಪ್‌ಸ್ಟಾಲ್ಸ್‌ಬೋಮ್ ದಿಬ್ಬದಲ್ಲಿ ಪೆಂಟೆಕಾಸ್ಟ್ ಹಬ್ಬದ ನಂತರದ ಮಂಗಳವಾರ ಸೇರುತ್ತಿದ್ದರು. 1323ರಲ್ಲಿ ಅಲ್ಲಿ ಬರೆದ ಕಟ್ಟಳೆಗಳು ಉಳಿದಿವೆ. ಈಗ ಅಲ್ಲಿ ಕಾಣುವ ಕಲ್ಲಿನ ಪಿರಮಿಡ್ ಮಾತ್ರ 1833ರದು. ಅದನ್ನೇ ಮಧ್ಯಯುಗದ್ದೆಂದು ನಂಬಬೇಡಿ.

14ನೇ ಶತಮಾನದಲ್ಲಿ ಪ್ಲೇಗು, ಪ್ರವಾಹಗಳಿಂದ ಈ ಏರ್ಪಾಡು ಸಡಿಲಗೊಂಡು ಪಾಳೆಯಗಾರರಂಥ ಮುಖಂಡರು ತಲೆಯೆತ್ತಿದರು. ಕಡಲ್ಗಳ್ಳರಿಗೆ ಆಶ್ರಯ ಕೊಟ್ಟು, ಕೊಳ್ಳೆಯ ಸರಕು ಮಾರುವುದೂ ಅವರ ವ್ಯವಹಾರದ ಭಾಗವಾಯಿತು. ಹೆಸರಾಂತ ಕಡಲ್ಗಳ್ಳ ಕ್ಲಾಸ್ ಶ್ಟ್ಯೋರ್ಟೆಬೇಕರ್ ಹೆಸರಿಗೆ ಅಂಟಿಕೊಂಡಿರುವ ಮರೀನ್‌ಹಾಫೆ ಚರ್ಚಿನ ಗೋಪುರ ಇಂದು ಕಡಲಿನಿಂದ ದೂರ, ಒಣನೆಲದಲ್ಲಿ ನಿಂತಿದೆ. ಆಗ ಹಡಗು ಬರುವಷ್ಟು ನೀರು ಅಲ್ಲಿಯವರೆಗೂ ಚಾಚಿತ್ತು. 1464ರಲ್ಲಿ ಸಿರ್ಕ್ಸೆನಾ ಮನೆತನಕ್ಕೆ ಕೌಂಟ್ ಪದವಿ ಸಿಕ್ಕಿತು. ಆ ವಂಶ 1744ರಲ್ಲಿ ನಿಂತಾಗ ನಾಡು ಪ್ರಷ್ಯಾದ ಪಾಲಾಯಿತು.

ಪ್ರಶ್ನೆ: ಅಲ್ಲಿಯ ಚಹಾ ಕ್ರಮ ನೋಡಿ ಮನೆಯಲ್ಲಿ ಮಾಡಿದೆ. ಕಲ್ಲುಸಕ್ಕರೆ ಚಟಪಟ ಎನ್ನಲಿಲ್ಲ, ಕೆನೆ ಮೋಡದಂತೆ ಏಳದೆ ಬೆರೆತುಹೋಯಿತು. ಎಲ್ಲಿ ತಪ್ಪಿತು?

ಉತ್ತರ: ನೀವು ಬಳಸಿದ್ದು ಸಣ್ಣ ಕಲ್ಲುಸಕ್ಕರೆ, ಕೆನೆಯ ಬದಲು ಹಾಲು ಎಂದು ನಮ್ಮ ಊಹೆ. ಕ್ರಮವಾಗಿ ಹೇಳುತ್ತೇವೆ.

ಚಹಾ ಎಲೆ ಅಸ್ಸಾಮಿನದು ಪ್ರಧಾನವಾಗಿರುವ ಕಡು ಮಿಶ್ರಣ. ‘ಅಸಲಿ’ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಮಿಶ್ರಣ ಪೂರ್ವ ಫ್ರೀಸ್‌ಲ್ಯಾಂಡಿನಲ್ಲೇ ಆಗಿರಬೇಕು. ಪಿಂಗಾಣಿ ಚಹಾಪಾತ್ರೆಯನ್ನು ಕುದಿನೀರಿನಿಂದ ತೊಳೆದು ಬಿಸಿಮಾಡಿ. ಕಪ್ಪಿಗೆ ಒಂದು ಟೀ ಚಮಚ, ಪಾತ್ರೆಗೆಂದು ಒಂದು ಹೆಚ್ಚು. ತೂಕದಲ್ಲಾದರೆ ಲೀಟರಿಗೆ ಸುಮಾರು 15 ಗ್ರಾಂ. ಎಲೆ ಮುಳುಗುವಷ್ಟು ಮಾತ್ರ ಕುದಿನೀರು ಹಾಕಿ 3ರಿಂದ 5 ನಿಮಿಷ ಬಿಡಿ, ಆಮೇಲೆ ಉಳಿದ ಕುದಿನೀರು ತುಂಬಿ. ಜರಡಿಯಿಂದ ಸೋಸಿ ಇನ್ನೊಂದು ಬಿಸಿ ಪಾತ್ರೆಗೆ ಬಗ್ಗಿಸಿ ಸಣ್ಣ ಮೇಣದ ದೀಪದ ಸ್ಟ್ಯಾಂಡಿನ ಮೇಲಿಡಿ. ಎಲೆಯನ್ನು ಒಳಗೇ ಬಿಟ್ಟರೆ ಎರಡನೆಯ ಕಪ್ಪು ಒಗರಾಗುತ್ತದೆ.

ಕಪ್ಪಿಗೆ ಮೊದಲು ‘ಕ್ಲುಂಟ್ಯೆ’, ಅಂದರೆ ಕಲ್ಲುಸಕ್ಕರೆಯ ದಪ್ಪ ಹರಳು. ಬಿಸಿ ಚಹಾ ಬಿದ್ದೊಡನೆ ಹರಳಿನ ಹೊರಮೈ ಹಿಗ್ಗುತ್ತದೆ, ಒಳಗು ಇನ್ನೂ ತಣ್ಣಗಿರುತ್ತದೆ. ಆ ಎಳೆದಾಟಕ್ಕೆ ಬಿರುಕು ಬಿಟ್ಟು ಸದ್ದಾಗುತ್ತದೆ. ಸಣ್ಣ ಹರಳು ಒಮ್ಮೆಗೇ ಕಾಯುವುದರಿಂದ ಸುಮ್ಮನೆ ಕರಗುತ್ತದೆ. ಚಹಾ ಆರಿದ್ದರೂ ಸದ್ದಿಲ್ಲ.

ಕೆನೆ ಕಡೆಯದ, ದ್ರವರೂಪದ್ದು, 30 ಶೇಕಡಾ ಅಥವಾ ಹೆಚ್ಚು ಕೊಬ್ಬಿನದು. ಫ್ರಿಜ್ಜಿನಿಂದ ನೇರ ತೆಗೆದು, ಸಣ್ಣ ಸೌಟಿನಂಥ ಚಮಚದಿಂದ ಕಪ್ಪಿನ ಅಂಚಿಗೆ ತಾಗಿಸಿ ಮೆಲ್ಲಗೆ ಜಾರಿಸಬೇಕು. ತಣ್ಣನೆಯ ಕೆನೆ ಮೊದಲು ಕೆಳಗಿಳಿದು, ಬಿಸಿಯೇರಿದಾಗ ಕೊಬ್ಬಿನ ಹಗುರದಿಂದ ಮೇಲೆ ಏಳುತ್ತದೆ. ಹಾಲಿನಲ್ಲಿ ಕೊಬ್ಬು ಸಾಲದು, ಬೆರೆತೇ ಹೋಗುತ್ತದೆ. ನೀರು ಗಡುಸಾಗಿದ್ದರೆ ಚಹಾದ ಮೇಲೆ ತೆಳು ಪೊರೆ ಕಟ್ಟಿ ರುಚಿ ಮಂಕಾಗುತ್ತದೆ. ಅಲ್ಲಿಯ ನೀರು ಮೆದು.

ಕಲಕಬಾರದು, ಇದೇ ಮುಖ್ಯ. ಮೇಲೆ ಕೆನೆ, ನಡುವೆ ಕಹಿ ಚಹಾ, ತಳದಲ್ಲಿ ಸಿಹಿ; ಮೂರೂ ಸರದಿಯಲ್ಲಿ ಬರಬೇಕು. ಕ್ಲುಂಟ್ಯೆ ಒಂದೇ ಕಪ್ಪಿಗೆ ಕರಗಿ ಮುಗಿಯುವುದಿಲ್ಲ, ಅದರ ಮೇಲೆಯೇ ಮತ್ತೆ ಚಹಾ. ಕನಿಷ್ಠ ಮೂರು ಕಪ್ಪು ಕುಡಿಯುವುದು ರೂಢಿ. ಸಾಕಾದರೆ ಚಮಚವನ್ನು ಕಪ್ಪಿನೊಳಗೆ ಇಡಿ. ಚಮಚ ಕೊಡುವುದು ಅದಕ್ಕೇ. ತಟ್ಟೆಯಲ್ಲೇ ಬಿಟ್ಟರೆ ಮನೆಯವರು ಸುರಿಯುತ್ತಲೇ ಇರುತ್ತಾರೆ. ತಲಾ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುವ ಈ ಸಂಸ್ಕೃತಿ 2016ರಲ್ಲಿ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಪ್ರಶ್ನೆ: ಒಂದು ವಾರದಲ್ಲಿ ಕರಾವಳಿಯೆದುರಿನ ಏಳೂ ದ್ವೀಪ ನೋಡಬಹುದೇ? ಇಳಿತದಲ್ಲಿ ನಡೆದೇ ಹೋಗಬಹುದಂತೆ?

ಉತ್ತರ: ದಿನಕ್ಕೊಂದು ಎಂಬ ಲೆಕ್ಕ ಹಾಕಬೇಡಿ. ಪಶ್ಚಿಮದಿಂದ ಬೋರ್ಕುಮ್, ಯೂಸ್ಟ್, ನೋರ್ಡರ್‌ನೈ, ಬಾಲ್ಟ್ರುಮ್, ಲಾಂಗಓಗ್, ಶ್ಪೀಕರ್‌ಓಗ್, ವಾಂಗರ್‌ಓಗ್. ಪ್ರತಿ ದ್ವೀಪಕ್ಕೂ ಹಡಗು ಹೊರಡುವ ಬಂದರು ಹೆಚ್ಚಾಗಿ ಬೇರೆ. ನೋರ್ಡರ್‌ನೈ, ಲಾಂಗಓಗ್‌ಗಳಿಗೆ ಉಬ್ಬರವಿಳಿತದ ಹಂಗಿಲ್ಲದೆ ಹಡಗು ಓಡುತ್ತದೆ. ಯೂಸ್ಟ್, ಬಾಲ್ಟ್ರುಮ್, ಶ್ಪೀಕರ್‌ಓಗ್, ವಾಂಗರ್‌ಓಗ್‌ಗಳ ಹಡಗು ನೀರಿದ್ದಾಗ ಮಾತ್ರ. ಒಂದು ಉಬ್ಬರದಿಂದ ಅದರ ಮುಂದಿನದರ ಮುಂದಿನದಕ್ಕೆ ಸುಮಾರು 24 ಗಂಟೆ 50 ನಿಮಿಷ, ಹಾಗಾಗಿ ವೇಳಾಪಟ್ಟಿ ದಿನದಿನವೂ ಸರಿಯುತ್ತದೆ. ಹೋಟೆಲ್ ಕಾಯ್ದಿರಿಸುವ ಮೊದಲು ಆ ದಿನಾಂಕದ ಪಟ್ಟಿಯನ್ನೇ ನೋಡಿ. ಕಾರು ಬೋರ್ಕುಮ್, ನೋರ್ಡರ್‌ನೈಗಳಿಗೆ ಮಾತ್ರ. ಉಳಿದ ಐದರಲ್ಲಿ ನಿಷೇಧ.

ನಡಿಗೆ ಸಾಧ್ಯ. ನೆಸ್ಮರ್‌ಜೀಲ್‌ನಿಂದ ಬಾಲ್ಟ್ರುಮ್‌ಗೆ ಹೋಗುವ ದಾರಿ ಜನಪ್ರಿಯ. ಆದರೆ ಪರವಾನಗಿಯಿರುವ ಮಾರ್ಗದರ್ಶಿ ಇಲ್ಲದೆ ಬೇಡ. ಕೆಸರುಬಯಲಿನಲ್ಲಿ ‘ಪ್ರೀಲ್’ ಎಂಬ ಆಳದ ಹೊನಲುಗಳಿವೆ. ಉಬ್ಬರ ಶುರುವಾದಾಗ ಮೊದಲು ತುಂಬುವುದು ಅವೇ. ನೀವು ನಿಂತ ಮರಳದಿಣ್ಣೆ ಒಣಗಿಯೇ ಇರುತ್ತದೆ, ಹಿಂದಿರುಗುವ ದಾರಿ ಆಗಲೇ ಮುಚ್ಚಿರುತ್ತದೆ. ಮಂಜು ಕವಿದರೆ ದಡ ಯಾವ ಕಡೆ ಎಂಬುದೇ ತಿಳಿಯದು. ಹೊರಡುವುದು ಇಳಿತ ತಳಮುಟ್ಟುವ ಮೊದಲೇ, ಮರಳುವುದು ಹಡಗಿನಲ್ಲಿ. ಕಾಲಿಗೆ ಬಿಗಿಯಾಗಿ ಕಟ್ಟುವ ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ರಬ್ಬರ್ ಬೂಟನ್ನು ಕೆಸರು ಎಳೆದಿಟ್ಟುಕೊಳ್ಳುತ್ತದೆ, ಬರಿಗಾಲನ್ನು ಚಿಪ್ಪು ಕೊಯ್ಯುತ್ತದೆ. 1986ರಿಂದ ಈ ಕೆಸರುಬಯಲು ರಾಷ್ಟ್ರೀಯ ಉದ್ಯಾನ, 2009ರಿಂದ ವಿಶ್ವ ಪರಂಪರೆಯ ತಾಣ. ಹಕ್ಕಿಗಳಿಗೆ ಮೀಸಲಾದ ವಲಯದಲ್ಲಿ ಗುರುತಿಸಿದ ದಾರಿ ಬಿಟ್ಟು ಹೆಜ್ಜೆಯಿಟ್ಟರೆ ದಂಡ ತೆರಬೇಕಾದೀತು.

ಪ್ರಶ್ನೆ: ಹಳ್ಳಿ ರಸ್ತೆಯಲ್ಲಿ ಚೆಂಡು ಉರುಳಿಸುತ್ತ ಹೋಗುವ ಗುಂಪುಗಳ ಚಿತ್ರ ನೋಡಿದೆ. ಏನದು?

ಉತ್ತರ: ಬೋಸೆಲ್ನ್ ಎಂಬ ಆಟ. ಎರಡು ತಂಡ, ಮರದ ಅಥವಾ ರಬ್ಬರಿನ ಗಟ್ಟಿ ಚೆಂಡು. ಮೊದಲೇ ಗೊತ್ತುಮಾಡಿದ ದೂರವನ್ನು ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದರು. ಚೆಂಡು ನಿಂತಲ್ಲಿಂದ ಅದೇ ತಂಡದ ಮುಂದಿನವರು ಎಸೆಯುತ್ತಾರೆ. ಒಂದು ತಂಡ ಪೂರಾ ಒಂದು ಎಸೆತದಷ್ಟು ಮುಂದಾದರೆ ಅಂಕ. ರಸ್ತೆಯ ನಡುಭಾಗ ಉಬ್ಬಿರುವುದರಿಂದ ನೇರ ಎಸೆದ ಚೆಂಡೂ ಅಂಚಿಗೆ ವಾಲುತ್ತದೆ, ಬದಿಯ ಕಾಲುವೆಗೆ ಬೀಳುತ್ತದೆ. ಚಿತ್ರದಲ್ಲಿ ಒಬ್ಬರ ಕೈಲಿದ್ದ ಉದ್ದನೆಯ ಕೋಲಿನ ತುದಿಯ ಬುಟ್ಟಿ ಅದನ್ನು ಬಾಚಿ ತೆಗೆಯಲು.